ರೀಚಾರ್ಜ್ ಟಾರ್ಚಿಗೆ ಹೊಸ ಬ್ಯಾಟರಿ

ಕೇಳುಗರಿಗೆ ನಮಸ್ಕಾರ.

ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ತೋಟಕ್ಕೆ ಹೋಗುವವರಿಗೆ ಟಾರ್ಚ್ ಎಷ್ಟು ಮುಖ್ಯ ಅಂತ ನಾನು ಹೇಳಬೇಕಿಲ್ಲ. ಬದುವಿನ ಮೇಲೆ ಹಾವಿದ್ದರೆ ತೋರಿಸುವುದು ಅದೇ ತಾನೆ? ಅಂಥ ಟಾರ್ಚ್ ಒಂದೆರಡು ವರ್ಷದಲ್ಲಿ ಮಂಕಾಗುತ್ತದೆ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ಐದು ನಿಮಿಷ ಉರಿದು ಆರಿಹೋಗುತ್ತದೆ. ಅದನ್ನು ಅಟ್ಟಕ್ಕೆ ಎಸೆದು ಇನ್ನೊಂದು ಕೊಳ್ಳುತ್ತೇವೆ. ಆದರೆ ಹೆಚ್ಚಿನ ಸಲ ಎಲ್‌ಇಡಿ ಚೆನ್ನಾಗಿಯೇ ಇರುತ್ತದೆ, ಸ್ವಿಚ್ಚೂ ಸರಿ ಇರುತ್ತದೆ. ಹೋಗಿರುವುದು ಬ್ಯಾಟರಿ ಒಂದೇ. ಅದನ್ನು ಬದಲಾಯಿಸಬಹುದು. ಯಾವುದನ್ನು ಹಾಕಬೇಕು ಅಂತ ತಿಳಿದು ಹಾಕಬೇಕು, ಅಷ್ಟೇ.

ಟಾರ್ಚ್ ಬಿಚ್ಚುವ ಮೊದಲು ಪ್ಲಗ್‌ನಿಂದ ಕಿತ್ತಿಡಿ. ಹಿಂಬದಿಯಲ್ಲೇ ಪಿನ್ ಇರುವ ಅಗ್ಗದ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆಯ 230 ವೋಲ್ಟ್ ಕರೆಂಟ್ ನೇರವಾಗಿ ಒಳಗಿನ ಬೋರ್ಡಿಗೆ ಬರುತ್ತದೆ. ಪ್ಲಗ್‌ನಲ್ಲಿದ್ದಾಗ ಒಳಗೆ ಕೈ ಹಾಕಿದರೆ ಜೀವಕ್ಕೇ ಅಪಾಯ.

ಬಿಚ್ಚಿದ ಮೇಲೆ ಹಳೆಯ ಬ್ಯಾಟರಿ ನೋಡಿ. ಚೌಕದ ಪ್ಲಾಸ್ಟಿಕ್ ಡಬ್ಬಿಯ ಹಾಗಿದ್ದು, ಭಾರವಾಗಿದ್ದು, ಮೇಲೆ 4 ವೋಲ್ಟ್ ಅಂತ ಬರೆದಿದ್ದರೆ ಅದು ಸೀಸದ ಬ್ಯಾಟರಿ, ಲೆಡ್ ಆಸಿಡ್. ಇದು ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಸೀಸದ ಹಲಗೆಗಳ ಮೇಲೆ ಗಟ್ಟಿ ಸಲ್ಫೇಟ್ ಕೂರುತ್ತದೆ. ಆಮೇಲೆ ಚಾರ್ಜ್ ನಿಲ್ಲುವುದೇ ಇಲ್ಲ. ಬದಲಿ ಹುಡುಕುವುದು ಕಷ್ಟವಲ್ಲ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೂ ಸೊಳ್ಳೆ ಬ್ಯಾಟಿನಲ್ಲೂ ಬೇರೆ ಬೇರೆ ಸೈಜಿನಲ್ಲಿ ಇದೇ 4 ವೋಲ್ಟ್ ಬ್ಯಾಟರಿ ಇರುತ್ತದೆ. ಹಾಗಾಗಿ ತಕ್ಕಡಿ ರಿಪೇರಿ ಮಾಡುವವರನ್ನು ಕೇಳಿ ನೋಡಿ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ಹಳೆಯದನ್ನು ಕೈಯಲ್ಲೇ ಒಯ್ಯಿರಿ, ಅಳತೆ ತಪ್ಪುವುದಿಲ್ಲ. ಅಂಗಡಿಯಲ್ಲೇ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಚ್ಚಿಸಿ. 4 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬೇಡ ಅನ್ನಿ. ಅದು ಕಪಾಟಿನಲ್ಲೇ ಕೂತು ಸೊರಗಿದ ಮಾಲು.

ದುಂಡಗಿನ, ಬೆರಳಿಗಿಂತ ಸ್ವಲ್ಪ ದಪ್ಪದ ಶೆಲ್ ಇದ್ದರೆ ಅದು ಸಾಮಾನ್ಯವಾಗಿ ಲಿಥಿಯಂ. ಹೆಚ್ಚಾಗಿ 18650 ಅಂತ ಇರುತ್ತದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ವೋಲ್ಟೇಜ್ 3.7, ತುಂಬಿದಾಗ 4.2. ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ ಎಂಎಎಚ್; ಒಳ್ಳೆಯ ಶೆಲ್‌ನಲ್ಲಿ 2,000ದಿಂದ 3,500 ಎಂಎಎಚ್ ಇರುತ್ತದೆ. 9,900 ಅಂತ ಬರೆದದ್ದು ಕಂಡರೆ ಅದು ಶುದ್ಧ ಸುಳ್ಳು, ಆ ಗಾತ್ರದಲ್ಲಿ ಅಷ್ಟು ಹಿಡಿಯುವುದಿಲ್ಲ. ತೂಕ ನೋಡಿದರೂ ಗೊತ್ತಾಗುತ್ತದೆ. ಅಸಲಿ ಶೆಲ್ ಸುಮಾರು 45 ಗ್ರಾಂ ತೂಗುತ್ತದೆ, ನಕಲಿಗಳು ಹಗುರ. ಒಳಗೆ ಎರಡು ಮೂರು ಶೆಲ್ ಇದ್ದರೆ ಎಲ್ಲವನ್ನೂ ಒಟ್ಟಿಗೇ, ಒಂದೇ ಕಂಪನಿಯದನ್ನೇ ಹಾಕಿಸಿ. ಶೆಲ್‌ಗೆ ನೇರ ಸೋಲ್ಡರ್ ಮಾಡಿಸಬೇಡಿ, ಬಿಸಿಗೆ ಒಳಗೆ ಕೆಡುತ್ತದೆ. ತಂತಿ ಬೆಸೆಯಲು ಲೋಹದ ಪಟ್ಟಿ ಮೊದಲೇ ವೆಲ್ಡ್ ಮಾಡಿರುವ ಶೆಲ್ ಸಿಗುತ್ತದೆ, ಅದನ್ನೇ ಕೇಳಿ.

ಈಗ ನಾನು ಒತ್ತಿ ಹೇಳಬೇಕಾದ ಮಾತು. 4 ವೋಲ್ಟೂ 3.7 ವೋಲ್ಟೂ ಹತ್ತಿರ ಹತ್ತಿರ ಅಲ್ವಾ ಅಂತ ಸೀಸದ ಬ್ಯಾಟರಿ ತೆಗೆದು ಆ ಜಾಗಕ್ಕೆ ಸುಮ್ನೆ ಲಿಥಿಯಂ ಕೂರಿಸಿಬಿಡುವವರು ಇದ್ದಾರೆ. ದಯವಿಟ್ಟು ಮಾಡಿಸಬೇಡಿ. ಟಾರ್ಚ್ ಅವತ್ತು ಜೋರಾಗಿ ಉರಿಯುತ್ತದೆ ನಿಜ. ಆದರೆ ಸೀಸದ ಬ್ಯಾಟರಿಯ ಅಗ್ಗದ ಚಾರ್ಜರ್‌ಗೆ ನಿಲ್ಲಿಸುವುದು ಗೊತ್ತಿಲ್ಲ. ತುಂಬಿದ ಮೇಲೂ ಕರೆಂಟ್ ತಳ್ಳುತ್ತಲೇ ಇರುತ್ತದೆ. ಸೀಸ ಒಂದಷ್ಟು ತಡೆದುಕೊಳ್ಳುತ್ತದೆ, ಲಿಥಿಯಂ ತಡೆದುಕೊಳ್ಳುವುದಿಲ್ಲ. 4.2 ದಾಟಿದರೆ ಬಿಸಿಯಾಗಿ ಬೆಂಕಿ ಹತ್ತಬಹುದು. ನಾವು ಟಾರ್ಚನ್ನು ಚಾರ್ಜಿಗೆ ಹಾಕುವುದು ಮಲಗುವ ಹೊತ್ತಿಗೆ, ಮಂಚದ ಪಕ್ಕದಲ್ಲೇ. ಲಿಥಿಯಂ ಬೇಕೇ ಬೇಕು ಅಂದರೆ ಹಳೆಯ ಚಾರ್ಜಿಂಗ್ ಬೋರ್ಡನ್ನು ಪೂರ್ತಿ ಕಿತ್ತುಹಾಕಿಸಿ. ಅದರ ಬದಲಿಗೆ ಲಿಥಿಯಂ ಚಾರ್ಜ್ ಮಾಡುವ ಟಿಪಿ4056 ಅನ್ನುವ ಪುಟ್ಟ ಬೋರ್ಡ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲಿ ಪ್ರೊಟೆಕ್ಷನ್, ಅಂದರೆ ಶೆಲ್ ಕೆಡದಂತೆ ಕಾಯುವ ವ್ಯವಸ್ಥೆ, ಇರುವುದನ್ನೇ ಕೇಳಿ. ಮೊಬೈಲ್ ಚಾರ್ಜರ್‌ನಿಂದಲೇ ನಡೆಯುತ್ತದೆ, 4.2ಕ್ಕೆ ತಾನೇ ನಿಲ್ಲುತ್ತದೆ.

ಹಳೆಯ ದೊಡ್ಡ ಟಾರ್ಚುಗಳಲ್ಲಿ ನಿಕಲ್ ಕ್ಯಾಡ್ಮಿಯಂ ಶೆಲ್‌ಗಳೂ ಇದ್ದವು. ಒಂದೊಂದು 1.2 ವೋಲ್ಟ್, ಐದು ಸೇರಿದರೆ 6. ಕ್ಯಾಡ್ಮಿಯಂ ವಿಷ, ಒಡೆಯಲು ಹೋಗಬೇಡಿ.

ತೆಗೆದ ಬ್ಯಾಟರಿ ಯಾವುದೇ ಇರಲಿ, ತುದಿಗಳಿಗೆ ಟೇಪ್ ಸುತ್ತಿ, ಹೊಸದನ್ನು ಕೊಂಡ ಅಂಗಡಿಯಲ್ಲೇ ತೆಗೆದುಕೊಳ್ಳುತ್ತಾರಾ ಕೇಳಿ. ಬಳಸಿದ ಬ್ಯಾಟರಿಯನ್ನು ವಾಪಸ್ ಸೇರಿಸಿಕೊಳ್ಳುವ ಜವಾಬ್ದಾರಿ ತಯಾರಕರದು ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ತಿಪ್ಪೆಗೆ ಮಾತ್ರ ಬೇಡ. ಆ ಗೊಬ್ಬರ ಹೋಗುವುದು ನಮ್ಮ ಹೊಲಕ್ಕೇ.