ಕೋನಿ ಐಲ್ಯಾಂಡ್: ದೀಪಗಳ ನಡುವೆ ಬದುಕಿದ ಕೂಸುಗಳು

ಎಲ್ಲರಿಗೂ ನಮಸ್ಕಾರ. ಶನಿವಾರ ಮಕ್ಕಳುಮರಿ ಕಟ್ಟಿಕೊಂಡು ನಾವೆಲ್ಲ ಕೋನಿ ಐಲ್ಯಾಂಡಿಗೆ ಹೊರಟಿದ್ದೇವೆ. ಹೋಗುವ ಮುಂಚೆ ಆ ಜಾಗದ ಕಥೆ ಒಂದಿಷ್ಟು ಹೇಳಿ ಅಂದಿರಿ. ನನಗೆ ಬಹಳ ಇಷ್ಟವಾದ ಕೆಲಸ ಕೊಟ್ಟಿದ್ದೀರಿ.

ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ದಕ್ಷಿಣದ ತುದಿ ಅದು. ಎದುರಿಗೆ ಅಟ್ಲಾಂಟಿಕ್ ಸಾಗರ. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಅಲ್ಲಿ ಏರಿಳಿಯುವ ಹಳಿ ಹಾಕಿ, 5 ಸೆಂಟಿಗೆ ಜನರನ್ನು ಕೂರಿಸಿ ಓಡಿಸಿದ. ವೇಗ ಗಂಟೆಗೆ ಸುಮಾರು 6 ಮೈಲಿ, ಸೈಕಲ್ಲಿಗಿಂತ ನಿಧಾನ! ಅಷ್ಟಕ್ಕೇ ಜನ ಮುಗಿಬಿದ್ದರು. ಮುಂದೆ ಒಂದರ ಹಿಂದೆ ಒಂದು ಪಾರ್ಕು ಎದ್ದವು: 1897ರಲ್ಲಿ, ಹಳಿಯ ಮೇಲೆ ಓಡುವ ಕುದುರೆಗಳ ಸ್ಟೀಪಲ್‌ಚೇಸ್, 1903ರಲ್ಲಿ ಲೂನಾ ಪಾರ್ಕ್, ಮರುವರ್ಷ ಡ್ರೀಮ್‌ಲ್ಯಾಂಡ್. ಲೂನಾ ಪಾರ್ಕಿನಲ್ಲಿ ಸುಮಾರು 2,50,000 ದೀಪಗಳು ಉರಿಯುತ್ತಿದ್ದವಂತೆ. ಮನೆಯಲ್ಲಿ ಇನ್ನೂ ಕರೆಂಟ್ ಕಾಣದ ಜನ ಆ ಬೆಳಕಿನಲ್ಲಿ ನಿಂತಾಗ ಅವರ ಕಣ್ಣು ಹೇಗೆ ಅರಳಿರಬೇಕು!

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಮಾರ್ಟಿನ್ ಕೂನಿಯವರ ಬಗ್ಗೆ. ಆಗ ಅಮೆರಿಕದ ಹೆಚ್ಚಿನ ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಇನ್‌ಕ್ಯುಬೇಟರ್ ಇರಲಿಲ್ಲ. ಉಳಿಯುವ ಜೀವವಲ್ಲ ಎಂದು ಕೈಬಿಡುತ್ತಿದ್ದರು. ಕೂನಿ ಅಂಥ ಕೂಸುಗಳನ್ನು ಕೋನಿ ಐಲ್ಯಾಂಡಿಗೆ ತಂದು, ಗಾಜಿನ ಬೆಚ್ಚನೆಯ ಪೆಟ್ಟಿಗೆಗಳಲ್ಲಿ ಮಲಗಿಸಿದರು. ನೋಡಲು ಬಂದವರು 25 ಸೆಂಟ್ ಕೊಡಬೇಕು. ಆ ಹಣದಲ್ಲೇ ದಾದಿಯರ ಸಂಬಳ, ಹಾಲುಣಿಸುವವರ ಖರ್ಚು. ಹೆತ್ತವರಿಂದ ಒಂದು ಸೆಂಟೂ ತೆಗೆದುಕೊಳ್ಳಲಿಲ್ಲ. ಮುಖ್ಯ ದಾದಿ ತನ್ನ ಬೆರಳಿನ ಉಂಗುರವನ್ನು ಕೂಸಿನ ಮಣಿಕಟ್ಟಿಗೆ ತೊಡಿಸಿ ತೋರಿಸುತ್ತಿದ್ದಳು. ಅಷ್ಟು ಪುಟ್ಟ ಕೈ! ಕೂನಿ ವೈದ್ಯಕೀಯ ಪದವಿ ಪಡೆದಿದ್ದರು ಎನ್ನುವುದಕ್ಕೆ ಸಂಶೋಧಕರಿಗೆ ಪುರಾವೆ ಸಿಕ್ಕಿಲ್ಲ. ಜೀವಗಳನ್ನು ಹೀಗೆ ಪ್ರದರ್ಶನಕ್ಕಿಡುವುದು ಸರಿಯೇ ಎಂದು ಅಂದೂ ಆಕ್ಷೇಪಗಳಿದ್ದವು. ಆ ಪ್ರಶ್ನೆ ನನ್ನನ್ನೂ ಕಾಡಿದೆ. ಆದರೆ ಸುಮಾರು 6,500 ಮಕ್ಕಳು ಅವರ ಕೈಯಲ್ಲಿ ಬದುಕಿದರು ಎಂಬ ಲೆಕ್ಕದ ಮುಂದೆ ನಾನು ತಲೆಬಾಗುತ್ತೇನೆ.

1911ರ ಮೇ 27ರ ನಸುಕಿನಲ್ಲಿ ಡ್ರೀಮ್‌ಲ್ಯಾಂಡಿಗೆ ಬೆಂಕಿ ಬಿತ್ತು. ದುರಸ್ತಿಗೆಂದು ಕಾಯಿಸುತ್ತಿದ್ದ ಟಾರು ಚೆಲ್ಲಿ ಹೊತ್ತಿಕೊಂಡಿತ್ತು. ಪಾರ್ಕು ಪೂರ್ತಿ ಬೂದಿಯಾಯಿತು. ಅಲ್ಲಿ ಕೂನಿಯವರ ಪೆಟ್ಟಿಗೆಗಳಲ್ಲಿದ್ದ ಕೂಸುಗಳನ್ನು ಮಾತ್ರ ಎತ್ತಿಕೊಂಡು ಓಡಿ ಉಳಿಸಿದರು. 1943ರಲ್ಲಿ, ನಗರದ ಆಸ್ಪತ್ರೆಯಲ್ಲೇ ಇಂಥ ಮಕ್ಕಳ ವಿಭಾಗ ಶುರುವಾದ ಹೊತ್ತಿಗೆ, ಕೂನಿ ತಮ್ಮ ಪ್ರದರ್ಶನ ನಿಲ್ಲಿಸಿದರು.

ಲೂನಾ ಪಾರ್ಕನ್ನು 1944ರ ಬೆಂಕಿ ಮುಗಿಸಿತು. ಸ್ಟೀಪಲ್‌ಚೇಸ್ 1964ರಲ್ಲಿ ಬಾಗಿಲು ಹಾಕಿತು.

ಈಗ ಶನಿವಾರದ ಮಾತಿಗೆ ಬರೋಣ. ಸ್ಟಿಲ್‌ವೆಲ್ ಅವೆನ್ಯೂದಲ್ಲಿ ರೈಲು ಇಳಿದರೆ 1927ರ ಸೈಕ್ಲೋನ್ ಎಂಬ ರೋಲರ್ ಕೋಸ್ಟರ್ ಹತ್ತಿರದಲ್ಲೇ ಇದೆ. ಹಳಿಯ ಹಾಸು ಮರದ್ದು, ಮೊದಲ ಇಳಿತವೇ 85 ಅಡಿ; ಬೆನ್ನುನೋವಿನವರು ದಯವಿಟ್ಟು ಹತ್ತಬೇಡಿ. 1920ರಿಂದ ತಿರುಗುತ್ತಿರುವ ವಂಡರ್ ವೀಲ್‌ಗೆ 150 ಅಡಿ ಎತ್ತರ, 24 ತೊಟ್ಟಿಲು. ಅವುಗಳಲ್ಲಿ 16 ತೊಟ್ಟಿಲು ಚಕ್ರ ತಿರುಗುವಾಗ ಒಳಗಿನ ಹಳಿಯ ಮೇಲೆ ಜಾರುತ್ತವೆ, ಎದೆ ಝಲ್ಲೆನ್ನುತ್ತದೆ. ಅಜ್ಜ ಅಜ್ಜಿಯರನ್ನು ಬಿಳಿ ತೊಟ್ಟಿಲಲ್ಲಿ ಕೂರಿಸಿ. ಅದು ಜಾರುವುದಿಲ್ಲ, ಮೇಲಿನಿಂದ ಸಮುದ್ರವೂ ಚೆನ್ನಾಗಿ ಕಾಣುತ್ತದೆ.