ದೊಡ್ಡವರಾಗಲು ಕಾಯುವ ವರ್ಷಗಳು

[ದೃಶ್ಯ: ಮುಂಬಯಿ ಬಳಿಯ ಡೊಂಬಿವಲಿಯ ಒಂದು ವಸತಿ ಸೊಸೈಟಿಯ ಲಿಫ್ಟ್. ಗುಂಡಿಗಳು ಸಿಗರೇಟಿನ ಕಿಡಿಗೆ ಕರಗಿ ಸೊಟ್ಟಗಾಗಿವೆ.]

ನಮಸ್ಕಾರ. ಈ ಗುಂಡಿಗಳನ್ನು ಸುಟ್ಟವರು ಹದಿನಾರು, ಹದಿನೇಳರ ಹುಡುಗರೆಂದು ತಿಳಿದಾಗ, ನಮ್ಮ ಸೊಸೈಟಿಯ ಸಭೆಯಲ್ಲಿದ್ದ ಹಿರಿಯರೊಬ್ಬರು, "ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಮಾರಾಯ್ರೆ" ಎಂದರು. ಅವರ ಮಾತು ಅರ್ಧ ನಿಜ. ಚಾಳಿನ, ಅಂದರೆ ಒಂದೇ ಪಡಸಾಲೆಗೆ ತೆರೆದ ಸಾಲುಕೋಣೆಗಳ ವಠಾರದ, ಕಾಲದಲ್ಲೂ ಪುಂಡಾಟವಿತ್ತು, ಆದರೆ ಅದು ಯಾರದೋ ಒಂದು ಕಪಾಳಮೋಕ್ಷದಲ್ಲಿ ಮುಗಿಯುತ್ತಿತ್ತು. ಅದಕ್ಕೆ ದಾಖಲೆಯೂ ಇರಲಿಲ್ಲ, ವಿಡಿಯೋವೂ ಇರಲಿಲ್ಲ.

ಆ ಮಾತಿನ ನಿಜವಾದ ಅರ್ಧಕ್ಕೆ ಕಾರಣವನ್ನು ಅವರ ಬಾಳಿನಲ್ಲೇ ಹುಡುಕಬಹುದು. 1960ರ ದಶಕದಲ್ಲಿ ಉಡುಪಿ ಕಡೆಯಿಂದ ಬಂದ ಅವರು ಹಗಲು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ, ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. ತಿಂಗಳಿಗೊಮ್ಮೆ ಊರಿಗೆ ಮನಿಆರ್ಡರ್ ಹೋಗುತ್ತಿದ್ದುದರಿಂದ, ಮೀಸೆ ಮೂಡುವ ಮೊದಲೇ ಮನೆಯಲ್ಲಿ ಅವರ ಮಾತಿಗೆ ಬೆಲೆಯಿತ್ತು. (ಅದನ್ನು ಹೊಗಳುತ್ತಿಲ್ಲ, 14 ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್‌ನಿಂದ ನಿಷೇಧಿಸಿದ್ದು ಸರಿಯೇ.)

ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲಿ ಮಂಡಿಸಿದ ವಾದ ಇಲ್ಲಿ ಪ್ರಸ್ತುತ. ಸಮಾಜಬಾಹಿರ ನಡತೆಯವರಲ್ಲಿ ಎರಡು ಬಗೆಯವರಿದ್ದಾರೆ. ಎಳವೆಯಿಂದಲೇ ನರಮಂಡಲದ ತೊಂದರೆಯೂ ಮನೆಯ ಕಲಹವೂ ಒಟ್ಟಾಗಿ ಕಾಡಿದ, ದೊಡ್ಡವರಾದರೂ ಬದಲಾಗದ ಕೆಲವರು ಒಂದೆಡೆ. ಹದಿಹರೆಯದಲ್ಲಿ ಮಾತ್ರ ದಾರಿ ತಪ್ಪಿ ಮತ್ತೆ ಸರಿಹೋಗುವ ಬಹುಸಂಖ್ಯಾತರು ಇನ್ನೊಂದೆಡೆ. ಈ ಎರಡನೆಯವರ ದೇಹ ಬೆಳೆದಿದ್ದರೂ ದೊಡ್ಡವರ ಹೊಣೆಯೂ ಹಕ್ಕೂ ಕೈಗೆ ಬಂದಿರುವುದಿಲ್ಲ. ಆ ಅಂತರದಲ್ಲಿ ಸಿಗರೇಟು, ಬೈಕು, ಹೊಡೆದಾಟಗಳೇ ಅವರಿಗೆ ದೊಡ್ಡತನದ ಗುರುತಾಗುತ್ತವೆ.

[ದೃಶ್ಯ: ಪರೇಲಿನ ಹಳೆಯ ಮಿಲ್ಲಿನ ಚಿಮಣಿ, ಹಿಂದೆ ಗಾಜಿನ ಗೋಪುರ.]

ಈ ಅಂತರ ಒಮ್ಮೆಲೇ ಹಿಗ್ಗಿದ್ದನ್ನು ಮುಂಬಯಿ ಕಂಡಿದೆ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರಿದ್ದರು. ಅಪ್ಪನ ಬೆನ್ನಿಗೆ ಬದಲಿ ಕಾರ್ಮಿಕನಾಗಿ ಸೇರಿ ಕ್ರಮೇಣ ಕಾಯಂ ಆಗುವ ದಾರಿಯನ್ನು ನಂಬಿದ್ದ ಮಿಲ್ಲುಗಳ ಬಡಾವಣೆಯಾದ ಗಿರಣಗಾಂವಿನ ಹುಡುಗರಿಗೆ ಆ ಬಾಗಿಲು ಮುಚ್ಚಿತು. ಹೆಚ್ಚಿನವರು ತರಕಾರಿ ಮಾರಿದರು, ಸಿಕ್ಕ ಕೂಲಿಗೆ ಹೋದರು. ಕೆಲವರು ಮಾತ್ರ ಗ್ಯಾಂಗುಗಳ ಪಾಲಾದರು. ಬಡತನವೊಂದೇ ಕಾರಣವಾಗಿದ್ದರೆ ಎಲ್ಲರೂ ಹೋಗಬೇಕಿತ್ತು.

ಇಂದಿನ ಹುಡುಗ ಹಸಿದಿಲ್ಲ, ಆದರೆ ಇಪ್ಪತ್ತೈದರವರೆಗೂ ಕೋಚಿಂಗ್ ಕ್ಲಾಸಿನ ವಿದ್ಯಾರ್ಥಿಯಾಗಿಯೇ ಉಳಿಯಬಹುದು. ಎಲ್ಲರೂ ದೂರುವ ಮೊಬೈಲು, ನನ್ನ ದೃಷ್ಟಿಯಲ್ಲಿ, ಪುಂಡಾಟವನ್ನು ಹುಟ್ಟಿಸುವುದಕ್ಕಿಂತ ಅದಕ್ಕೆ ಪ್ರೇಕ್ಷಕರನ್ನು ಒದಗಿಸುತ್ತದೆ. ಚಾಳಿನ ಪಡಸಾಲೆಯಲ್ಲಿ ಹೆಸರು ಹಿಡಿದು ಕೂಗುತ್ತಿದ್ದ ಅಕ್ಕಂದಿರೂ ಮಾಮಂದಿರೂ ಫ್ಲ್ಯಾಟಿನ ಮುಚ್ಚಿದ ಬಾಗಿಲಿನ ಆಚೆಗಿದ್ದಾರೆ.

ನಮ್ಮ ಸಭೆ ಲಿಫ್ಟಿಗೆ ಕ್ಯಾಮರಾ ಹಾಕಿಸಲು ತೀರ್ಮಾನಿಸಿತು. ಹುಡುಗರನ್ನು ಯಾರೂ ಕರೆಯಲಿಲ್ಲ. ಹೊಸ ಗುಂಡಿಗಳ ಹಣವನ್ನು ಅವರ ತಂದೆಯಂದಿರು ಕಟ್ಟಿದರು.