ಸುವರ್ಣಸೌಧದಲ್ಲಿ ನಾವು, ಬಸ್ಸಲ್ಲಿ ನಮ್ಮ ಫೋನು

ಹಾಂ, ಬೆಳಗಾವಿಯ ಸುವರ್ಣಸೌಧದಲ್ಲಿ ವಿಧಾನಸಭೆ ಅಧಿವೇಶನ ನೋಡೋಕೆ ಕಾಲೇಜಿಂದ ಹೋಗಿದ್ವಲ್ಲ, ಇದು ಕಿತ್ತೂರು ದಾಟಿದ ಮೇಲಿನ ಕ್ಲಿಪ್ಪು. ಹಿಂದೆ ಹಾಡ್ತಿರೋರು ಬಿಕಾಂ ಹುಡುಗ್ರು, ದಾವಣಗೆರೆ ಬಿಟ್ಟಾಗಿಂದ ಬಾಯಿ ಮುಚ್ಚಿಲ್ಲ, ಅದಕ್ಕೇ ಸೌಂಡ್ ತೆಗೆದು ನಾನೇ ಮಾತಾಡ್ತಿದೀನಿ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ನೋಡಿ, ಎರಡೆರಡು ಟ್ರೈಲರು. ಡಿಸೆಂಬರ್ ಅಂದ್ರೆ ಈ ಕಡೆ ಕಬ್ಬು ನುರಿಸೋ ಸೀಸನ್ನು, ಅಧಿವೇಶನದ ಸೀಸನ್ನೂ ಅದೇ.

ಬಸ್ಸಿಗೆ ಕಟ್ಟಿರೋ ಬ್ಯಾನರು: "ವಿದ್ಯಾರ್ಥಿ ಮುಖಂಡರಿಗೆ ಸಾರ್ವಜನಿಕ ಸೇವೆಯ ಪರಿಚಯ". ಮುಖಂಡೆ ಅಂದ್ರೆ ನಾನು, ಕಾಲೇಜಿನ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಚುನಾವಣೆ ಗಿನಾವಣೆ ಇಲ್ಲ, ಮಾರ್ಕ್ಸ್ ನೋಡಿ ಕೂರಿಸಿದ್ದು. ಒಂದು ಓಟೂ ಕೇಳದವಳು ಓಟು ಗೆದ್ದ 224 ಶಾಸಕರನ್ನ ನೋಡೋಕೆ ಹೊರಟಿದೀನಿ.

ಬಂತು ನೋಡಿ, ಹೈವೇ ಪಕ್ಕದಲ್ಲೇ. ಬೆಳಗಾವಿಯಲ್ಲಿ ಮೊದಲ ಅಧಿವೇಶನ ಆಗಿದ್ದು 2006ರಲ್ಲಿ, ಈ ಕಟ್ಟಡ ಉದ್ಘಾಟನೆ ಆಗಿದ್ದು 2012ರ ಅಕ್ಟೋಬರ್ 11ಕ್ಕೆ, ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಂದಿದ್ರು. ವರ್ಷಕ್ಕೆ ಒಂದೆರಡು ವಾರದ ಅಧಿವೇಶನಕ್ಕೆ ಇಷ್ಟು ದೊಡ್ಡ ಸೌಧ! ನನ್ನ ಕೇಳಿದ್ರೆ ದುಡ್ಡು ದಂಡ.

ಇನ್ನು ಒಳಗಿನ ಶಾಟ್ ಒಂದೂ ಇಲ್ಲ. ಪ್ರೇಕ್ಷಕರ ಗ್ಯಾಲರಿಗೆ ಫೋನ್ ಒಯ್ಯೋ ಹಾಗಿಲ್ಲ. ಹೊರಗಿನದ್ದೇ ಮತ್ತೆ ಮತ್ತೆ ತಿರುಗಿಸ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ.

ಒಳಗೆ ಪ್ರಶ್ನೋತ್ತರ ನಡೀತಿತ್ತು. ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಸಚಿವರು ಎದ್ದು ನಿಂತು ಬಾಯಲ್ಲೇ ಹೇಳಬೇಕು, ಉಪಪ್ರಶ್ನೆ ಹಾಕಿ ಹಿಡಿಯಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಅರ್ಧಕ್ಕರ್ಧ ಕುರ್ಚಿ ಖಾಲಿ, ಸಿಟ್ಟು ಬಂತು. ಆದ್ರೆ ನನ್ನ ಕಣ್ಣು ನೆಟ್ಟಿದ್ದು ಅಧಿಕಾರಿಗಳ ಗ್ಯಾಲರಿ ಮೇಲೆ. ಉಪಪ್ರಶ್ನೆ ಬಿದ್ದ ತಕ್ಷಣ ಅಲ್ಲಿ ಫೈಲು ಬಿಚ್ತಾರೆ, ಚೀಟಿ ಬರೀತಾರೆ, ಅದು ಸಚಿವರ ಕೈಗೆ ಹೋಗುತ್ತೆ. ಯಾವುದೋ ತಾಲೂಕು ಕಚೇರಿಯ ಗುಮಾಸ್ತರು ಬರೆದು ಕಳಿಸಿದ ಅಂಕಿ ಅದು. ಆಗ ಅನ್ನಿಸ್ತು, ನಾನೂ ಅಧಿಕಾರಿ ಆಗೋಕೆ ಕೆಎಎಸ್ ಪರೀಕ್ಷೆ ಬರೀಬೇಕು. ಈಗ? ಗೊತ್ತಿಲ್ಲ, ಸಿಲಬಸ್ ನೋಡಿಬಿಟ್ಟೆ.

ಸರಿ, ಅಸಲಿ ಕಥೆಗೆ ಬರ್ತೀನಿ. ಎಲ್ಲರ ಫೋನನ್ನೂ ನಮ್ಮನ್ನ ಕರ್ಕೊಂಡು ಬಂದಿದ್ದ ಸರ್ ಒಂದೇ ಬ್ಯಾಗಿಗೆ ಹಾಕಿ ಬಸ್ಸಲ್ಲಿಟ್ಟು ಬೀಗ ಹಾಕಿಸಿದ್ರು. ಅವರ ಫೋನೂ ಅದರಲ್ಲೇ! ಹೊರಗೆ ಬಂದ್ರೆ ಬಸ್ಸಿದೆ, ಡ್ರೈವರ್ ಅಣ್ಣ ಇಲ್ಲ, ಬೀಗದಕೈ ಅವರ ಜೇಬಲ್ಲಿ. ಯಾರದಾದ್ರೂ ಫೋನ್ ಇಸ್ಕೊಂಡು ಮಾಡೋಣ ಅಂದ್ರೆ ನಂಬರ್ ಯಾರಿಗೆ ಬಾಯಿಪಾಠ ಇದೆ? ಎಲ್ಲಾ ನಂಬರೂ ಆ ಬ್ಯಾಗಲ್ಲೇ. ಕೊನೆಗೆ ಐಡಿ ಕಾರ್ಡ್ ಹಿಂದಿದ್ದ ಕಾಲೇಜ್ ನಂಬರಿಗೆ ಪೊಲೀಸಣ್ಣನ ಫೋನಿಂದ ಮಾಡಿದ್ವಿ. ಕ್ಲರ್ಕ್ ಊಟಕ್ಕೆ ಹೋಗಿದಾರಂತೆ. ಅರ್ಧ ಗಂಟೆ ಬಿಟ್ಟು ಮಾಡಿದ್ರೆ ಇನ್ನೂ ಊಟ! ಏನ್ ಊಟಾನೋ, ಮದುವೆ ಮನೆಗೇ ಹೋಗಿದ್ರೇನೋ.

ಬಿಸಿಲಲ್ಲಿ ನಿಲ್ಲೋಕಾಗದೆ ಧರಣಿ ಟೆಂಟಿನ ಕಡೆ ನಡೆದ್ವಿ. ಇದೇ ಆ ಟೆಂಟು, ಫೋನ್ ಸಿಕ್ಕ ಮೇಲೆ ತೆಗೆದಿದ್ದು, ಮುಖ ಬ್ಲರ್ ಮಾಡಿದೀನಿ. ಅತಿಥಿ ಉಪನ್ಯಾಸಕರು. ನಮ್ಮ ಸರ್ ಕೂಡ ಅತಿಥಿ ಉಪನ್ಯಾಸಕರೇ, ಎಷ್ಟೋ ಜನ ಪರಿಚಯದವರು ಸಿಕ್ಕಿ ಅಲ್ಲೇ ಕೂತುಬಿಟ್ರು. ವಿಜಯಪುರದಿಂದ ಬಂದ ಮೇಡಂ ಒಬ್ಬರು ನಂಗೆ ಚುರುಮುರಿ ಕೊಟ್ಟು, "ಬೆಂಗಳೂರಿಗೆ ಹೋಗಿ ಕೇಳೂದಂದ್ರ ಎರಡು ದಿನ ಹೋಗ್ತದವಾ, ಇಲ್ಲಾದ್ರ ಮುಂಜಾನೆ ಬಂದು ರಾತ್ರಿ ಮನಿ ಸೇರ್ತೀವಿ" ಅಂದ್ರು. ದುಡ್ಡು ದಂಡ ಅಂದಿದ್ನಲ್ಲ, ಅರ್ಧ ವಾಪಸ್ ತಗೊಂಡೆ. ಇನ್ನರ್ಧ ಆ ಖಾಲಿ ಕುರ್ಚಿಗಳಿಗೆ.

ಸರ್ ಸಂಬಳ ಎಷ್ಟು ಅಂತ ನಾವು ಯಾವತ್ತೂ ಕೇಳಿಲ್ಲ. ಬಸ್ಸಲ್ಲಿ ಕೇಳೋಣ ಅಂದ್ಕೊಂಡೆ, ಅಷ್ಟರಲ್ಲಿ... ಆ, ಡ್ರೈವರ್ ಅಣ್ಣ ಬಂದ್ರು ನೋಡಿ, ಎಲೆಅಡಿಕೆ ಹಾಕ್ಕೊಂಡು ನಿಧಾನಕ್ಕೆ! ಮತ್ತೆ ಬೆಳಗಾವಿ ಸ್ವೀಟು ಕುಂದಾ ತರ್ಲಿಲ್ವಾ ಅಂತ ಬೈಬೇಡ ಅಮ್ಮಾ, ಬಸ್ಸು ಊರೊಳಗೆ ಹೋಗ್ಲೇ ಇಲ್ಲ. ಇದು ಟೋಲು, ಕ್ಲಿಪ್ ಮುಗೀತು.